ಡಚ್ಚರ ಇತಿಹಾಸವನ್ನೂ ಓದಿಸಿ

ಮಾನ್ಯರೇ, ವಸಾಹತು ಆಳ್ವಿಕೆ ಅಂದರೆ ನಮಗೆ ಬ್ರಿಟಿಷರು ಮಾತ್ರ ನೆನಪಾಗುತ್ತಾರೆ, ಡಚ್ಚರ ಕ್ರೌರ್ಯ ಮಾತಿಗೇ ಬರುವುದಿಲ್ಲ. 1602ರಲ್ಲಿ ಹುಟ್ಟಿದ ಅವರ ಈಸ್ಟ್ ಇಂಡಿಯಾ ಕಂಪನಿ, ಜಾಯಿಕಾಯಿ ವ್ಯಾಪಾರ ಪೂರ್ತಿ ತನ್ನ ಕೈಯಲ್ಲೇ ಇರಬೇಕೆಂದು 1621ರಲ್ಲಿ ಈಗಿನ ಇಂಡೊನೇಷ್ಯಾದ ಬಾಂಡಾ ದ್ವೀಪಗಳ ಸಾವಿರಾರು ಜನರನ್ನು ಕೊಂದು, ಸೆರೆಸಿಕ್ಕ ನೂರಾರು ಮಂದಿಯನ್ನು ಗುಲಾಮರಾಗಿ ಬಟಾವಿಯಾಕ್ಕೆ (ಈಗಿನ ಜಕಾರ್ತಾ) ಸಾಗಿಸಿತು. ಆಮೇಲೆ ಅದೇ ತೋಟಗಳಲ್ಲಿ ಬೇರೆ ಕಡೆಯಿಂದ ತಂದ ಗುಲಾಮರನ್ನು ದುಡಿಸಿತು. ನಾವು ಪಲಾವಿಗೆ ಹಾಕುವ ಜಾಪತ್ರೆಯೂ ಅದೇ ಕಾಯಿಯದು, ಅಲ್ವಾ? ಸಾಲ, ಲಂಚಗುಳಿತನ ಜಾಸ್ತಿಯಾಗಿ ಕಂಪನಿ 1799ರಲ್ಲಿ ಮುಚ್ಚಿತು, ಆದರೆ ಡಚ್ ಸರ್ಕಾರದ ಆಳ್ವಿಕೆ ಮುಂದುವರಿಯಿತು. ಇಂಡೊನೇಷ್ಯಾ 1945ರಲ್ಲೇ ಸ್ವಾತಂತ್ರ್ಯ ಸಾರಿದರೂ ಡಚ್ಚರು ಸುಮ್ನೆ ಹೋಗಲಿಲ್ಲ, ಯುದ್ಧ ಮಾಡಿ 1949ರ ಕೊನೆಗೆ ಬಿಟ್ಟುಕೊಟ್ಟರು. ಪ್ರೌಢಶಾಲೆಯ ಇತಿಹಾಸ ಪಠ್ಯದಲ್ಲಿ ಬಾಂಡಾದ ಕಥೆಗೆ ಒಂದು ಪುಟವಾದರೂ ಕೊಡಬೇಕು.