ಬಾಲದ ದಪ್ಪ ಅಳೆದೆಯಾ?

ಪುಣೆ

ಚಿ. ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ಮುಂಬಯಿಯ ಮಿಠಿ ನದಿ ನೀರಿನ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರ ವಾಟ್ಸಾಪ್‌ನಲ್ಲಿ ಬಂತು. “ಮಾವಾ, ಫೇಜ್ ಸಿಕ್ಕಿತು!” ಅಂತ ಬರೆದಿದ್ದೀಯ. ಸಿಕ್ಕಿರಬಹುದು, ಬ್ಯಾಕ್ಟೀರಿಯಾವನ್ನು ಹಿಡಿಯುವ ವೈರಸ್ ತಾನೇ, ಕೊಳಚೆ ನೀರಿನಲ್ಲಿ ಅದಕ್ಕೇನು ಬರ? ಆದರೆ ಚಿತ್ರ ಕತ್ತರಿಸುವಾಗ ಸ್ಕೇಲ್ ಬಾರನ್ನೇ ಹಾರಿಸಿಬಿಟ್ಟಿದ್ದೀಯಲ್ಲೇ! ಅಳತೆಯಿಲ್ಲದೆ ನಾನು ಹೂಂ ಅನ್ನುವುದು ಹೇಗೆ?

ನಾನೂ ಹೀಗೇ ಮುಗ್ಗರಿಸಿದವನು. ಕೆಲಸಕ್ಕೆ ಸೇರಿದ ಹೊಸತು. ದುಂಡನೆಯ ತಲೆ, ಅದಕ್ಕಂಟಿದ ಉದ್ದ ಬಾಲ. ಲ್ಯಾಮ್ಡಾ ಎಂಬ ಫೇಜಿನ ತರಹದ್ದೇ ಅಂತ ಪ್ರಿಂಟ್ ಹಿಡಿದು ಓಡಿದೆ. ಹಿರಿಯರೊಬ್ಬರು ಮಾತಾಡದೆ ಅಡಿಪಟ್ಟಿ ಇಟ್ಟರು. ಬಾಲದ ದಪ್ಪ 20 ನ್ಯಾನೋಮೀಟರ್! ಲ್ಯಾಮ್ಡಾದ ಬಾಲ ಸುಮಾರು ಅದರ ಅರ್ಧ. ನಾನು ಬಾಲ ಅಂದುಕೊಂಡದ್ದು ಬ್ಯಾಕ್ಟೀರಿಯಾದಿಂದ ಕಿತ್ತುಬಂದ ಫ್ಲಾಜೆಲ್ಲಮ್, ಅಂದರೆ ಅದು ಈಜಲು ಬಳಸುವ ಎಳೆ; ಶಾವಿಗೆ ಎಳೆಯ ಹಾಗೆ ಅಲೆಅಲೆಯಾಗಿ ಬಿದ್ದಿತ್ತು. ‘ತಲೆ’ ಅದರ ಪಕ್ಕ ಬಂದು ಕೂತ ಪೊರೆಯ ಗುಳ್ಳೆ. ಬಾಲವಿರುವ ಫೇಜಿನ ತಲೆಗೆ ಮೂಲೆಗಳಿರುತ್ತವೆ, ಆರು ಬದಿಯ ಅಂಚು ಕಾಣುತ್ತದೆ; ಒಂದೇ ಜಾತಿಯವೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ. ಗುಳ್ಳೆಗಳೋ, ದೋಸೆಯ ಮೇಲಿನ ತೂತುಗಳ ಹಾಗೆ, ಒಂದೊಂದೂ ಒಂದೊಂದು ಗಾತ್ರ.

ನಾವು ಹಾಕುವ ಬಣ್ಣ ಯುರಾನಿಲ್ ಅಸಿಟೇಟ್ ಫೇಜಿನ ಸುತ್ತ ಕಪ್ಪಗೆ ನಿಲ್ಲುತ್ತದೆ. ಮಳೆ ಹನಿಸಿದ ಮೇಲೆ ನಮ್ಮ ಗಲ್ಲಿಯಲ್ಲಿ ಸ್ಕೂಟರ್ ತೆಗೆದರೆ ಅದರಡಿ ಒಣ ಜಾಗ ಬೆಳ್ಳಗೆ ಉಳಿದಿರುತ್ತದಲ್ಲ, ನೀನು ನೋಡುವುದು ಅದನ್ನೇ. ತಲೆಯೊಳಗೂ ಕಪ್ಪು ಕಂಡರೆ ಅದು ಡಿಎನ್‌ಎ ಇಲ್ಲದ ಖಾಲಿ ಚಿಪ್ಪು.

ಟಿ4 ಎಂಬ ಫೇಜಿನ ತರಹದ್ದು ಸಿಕ್ಕರೆ ಅನುಮಾನವೇ ಬೇಡ: ತಲೆ 120 ನ್ಯಾನೋಮೀಟರ್ ಉದ್ದ, 86 ಅಗಲ, ಬಾಲ ಸುಮಾರು 100 ಉದ್ದ. ಅದರ ಬಾಲದ ಕವಚ ಕುಗ್ಗಿ ದಪ್ಪಗಾಗಿ, ಒಳಗಿನ ನಳಿಗೆ ಸೂಜಿಯಂತೆ ಹೊರಗೆ ಬಂದಿರುವುದೂ ಉಂಟು. ಉದ್ದ ಬಾಲ, ಮೋಟು ಬಾಲ ಎರಡೂ ಒಂದೇ ಗ್ರಿಡ್‌ನಲ್ಲಿ (ಮಾದರಿ ಇಡುವ ಪುಟ್ಟ ಜಾಲರಿಯಲ್ಲಿ) ಕಂಡವೆಂದು ಅವಸರದಲ್ಲಿ ಎರಡು ಜಾತಿ ಅಂತ ಬರೆದುಬಿಡಬೇಡ.

ಒಂದೇ ಕಣ ಹಿಡಿದು ಕುಣಿಯದೆ ಇಪ್ಪತ್ತನ್ನಾದರೂ ಅಳೆ. ಅದಕ್ಕೂ ಮೊದಲು, ಮೈಕ್ರೋಸ್ಕೋಪಿನ ವರ್ಧನೆಯನ್ನು ಅಂತರ ಮೊದಲೇ ಗೊತ್ತಿರುವ ಕ್ಯಾಟಲೇಸ್ ಹರಳಿನ ಗೆರೆಗಳಿಟ್ಟು ಯಾರಾದರೂ ಈಚೆಗೆ ಸರಿನೋಡಿದ್ದಾರೋ ಇಲ್ಲವೋ ಕೇಳು. ಕೇಳಲು ಸಂಕೋಚ ಬೇಡ. ಹೊಸಬಳು ಅಂತ ಒಂದಿಬ್ಬರು ನಕ್ಕಾರು, ನಗಲಿ.

ಮೂಲ ಫೈಲನ್ನೇ ಮೇಲ್ ಮಾಡು, ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಇಲ್ಲವೇ ಶನಿವಾರ ಡೆಕ್ಕನ್ ಕ್ವೀನ್ ಹಿಡಿದು ಬಂದುಬಿಡು, ಅಡಿಪಟ್ಟಿ ನನ್ನ ಹತ್ತಿರ ಇದೆ. ನಿನ್ನತ್ತೆ ಜೋಳದ ರೊಟ್ಟಿ ತಟ್ಟುತ್ತೇನೆ ಅಂದಿದ್ದಾಳೆ.

ನಿನ್ನ
ಮಾವ