ಭಾನುವಾರ ಕ್ವೇಕರ್ ಸಭೆಗೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಕ್ವೇಕರರು ಅಂದರೆ ಕ್ರೈಸ್ತ ಮೂಲದ ಒಂದು ಪಂಥದವರು. ಭಾನುವಾರದ ಪ್ರಾರ್ಥನಾ ಸಭೆಗೆ ಲಂಡನ್ನಿನ ಅವರ ಕೇಂದ್ರ ಫ್ರೆಂಡ್ಸ್ ಹೌಸ್‌ಗೆ ಬರುವವರು ಹತ್ತು ನಿಮಿಷ ಮೊದಲೇ ಬನ್ನಿ. ಅಲ್ಲಿ ಪಾದ್ರಿ ಇಲ್ಲ, ಹಾಡೂ ಇಲ್ಲ. ಸುಮಾರು ಒಂದು ಗಂಟೆ ಎಲ್ಲರೂ ಸುಮ್ನೆ ಕೂರುತ್ತಾರೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಹೇಳುತ್ತಾರೆ. ಅದಕ್ಕೆ ಉತ್ತರ, ವಾದ ಬೇಡ. ಕೊನೆಗೆ ಕೈಕುಲುಕಿದರೆ ಸಭೆ ಮುಗಿಯಿತು ಅಂತ. ಆಮೇಲೆ ಪ್ರಕಟಣೆ, ಚಹಾ.

ನನಗೆ ಜಾಸ್ತಿ ಹಿಡಿಸಿದ್ದು ಆಡಳಿತದ ಸಭೆಗಳಲ್ಲಿ ಅವರು ತೀರ್ಮಾನ ಮಾಡುವ ರೀತಿ. ಓಟು ಹಾಕುವುದೇ ಇಲ್ಲ. ಸಭೆ ನಡೆಸುವ ‘ಕ್ಲರ್ಕ್’ ಅಲ್ಲೇ ಕೂತು ನಿರ್ಣಯ ಬರೆದು ಓದುತ್ತಾರೆ. ಸಭೆ ಒಪ್ಪುವ ತನಕ ತಿದ್ದುತ್ತಾರೆ. ನಮ್ಮ ಸಂಘದಲ್ಲೂ ಒಮ್ಮೆ ಹೀಗೆ ಮಾಡಿ ನೋಡಬಹುದು, ಅಲ್ವಾ? ಅಂದ ಹಾಗೆ, 1947ರ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು ಬ್ರಿಟನ್ ಮತ್ತು ಅಮೆರಿಕದ ಕ್ವೇಕರ್ ಸೇವಾ ಸಂಸ್ಥೆಗಳಿಗೆ.

ಮಕ್ಕಳನ್ನು ಕರೆತರುವವರು ದಯವಿಟ್ಟು ಇಲ್ಲೇ ಮೊದಲು ತಿಳಿಸಿ. ಫೋನ್ ಆಫ್ ಇರಲಿ.