ಕೆಳದಿ, ಇಕ್ಕೇರಿ, ನಗರ: ಬೈಕಿನವರಿಗೆ ಒಂದು ದಾರಿ ಗುರುತು ಮಾಡಿ

ಸಂಪಾದಕರಿಗೆ ನಮಸ್ಕಾರ,

2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಶರಾವತಿ ಹಿನ್ನೀರು ದಾಟಲು ಲಾಂಚಿಗೆ ಕಾಯುವ ಕೆಲಸ ತಪ್ಪಿತು. ಈಗ ಭಾನುವಾರ ಬೆಳಗ್ಗೆ ಸಾಗರದ ಪೇಟೆಯಲ್ಲಿ ನಿಂತರೆ ಬೈಕುಗಳದ್ದೇ ಸಾಲು. ಜೋಗ ನೋಡೋದು, ಸೇತುವೆ ಮೇಲೆ ಫೋಟೊ ಹೊಡೆಯೋದು, ಕೊಲ್ಲೂರಿಗೆ ಹೋಗೋದು, ಮುಗೀತು. ಬರಲಿ, ಸಂತೋಷವೇ. ಆದರೆ ಸಾಗರದಿಂದ ಹತ್ತು-ಹದಿನೈದು ನಿಮಿಷದ ಇಕ್ಕೇರಿಗೆ ತಿರುಗುವವರು ಕಡಿಮೆ. ಟೀ ಅಂಗಡಿಯಲ್ಲಿ ಸಿಕ್ಕ ಒಬ್ಬ ಹುಡುಗನಿಗೆ ಹೋಗಿ ಬಾ ಅಂದರೆ "ಅಲ್ಲೇನಿದೆ ಅಂಕಲ್?" ಅಂದ. ತಪ್ಪು ಅವನದ್ದಲ್ಲ. ಹೇಳುವವರು ಯಾರಿದ್ದಾರೆ?

ನನಗೆ ಐವತ್ತು ದಾಟಿದೆ, ಇನ್ನೂ ಬೈಕ್ ಬಿಟ್ಟಿಲ್ಲ. ನನ್ನ ಲೆಕ್ಕದಲ್ಲಿ ಈ ಭಾಗದಲ್ಲಿ ದಾರಿ ಹಾಕುವುದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಯೇ ಇಲ್ಲ. ಕೆಳದಿ ಅರಸರ ರಾಜಧಾನಿ ಹೇಗೆ ಊರಿಂದ ಊರಿಗೆ ಹೋಯಿತೋ ಹಾಗೇ ಬೈಕೂ ಹೋದರೆ ಸಾಕು. ಮೊದಲು ಕೆಳದಿ, ಅಲ್ಲಿಂದ ಇಕ್ಕೇರಿ, ಆಮೇಲೆ ಹೊಸನಗರ ದಾಟಿ ನಗರ, ಅಂದರೆ ಹಳೆಯ ಬಿದನೂರು. ಕೊನೆಗೆ ಕವಲೇದುರ್ಗದ ಗುಡ್ಡದ ಕೋಟೆ ಹತ್ತಿ ತೀರ್ಥಹಳ್ಳಿ. ಎಲ್ಲ ಸೇರಿ 150 ಕಿಲೋಮೀಟರ್ ಒಳಗೇ. ಆದರೆ ಒಂದೇ ದಿನದಲ್ಲಿ ಮುಗಿಸುತ್ತೇನೆ ಅಂತ ಹೊರಡಬೇಡಿ. ಮಲೆನಾಡಿನ ತಿರುವಿನಲ್ಲಿ ಗಂಟೆಗೆ 35 ಕಿಲೋಮೀಟರ್ ಹೋದರೆ ಅದೇ ಜಾಸ್ತಿ. ಎರಡು ದಿನ ಇಟ್ಟುಕೊಳ್ಳಿ.

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದೊಳಗೆ ಹೋದರೆ ಸ್ವಲ್ಪ ನೆಲವನ್ನೂ ನೋಡಿ. ದೇವರಿಗೆ ಅಡ್ಡಬಿದ್ದ ಮೂವರು ಅರಸರನ್ನು ಕಲ್ಲಿನ ಮೇಲೆ ಕೆತ್ತಿದ್ದಾರೆ, ಜನ ಗೊತ್ತಿಲ್ಲದೆ ತುಳಿದುಕೊಂಡೇ ಹೋಗುತ್ತಾರೆ. ಇಲ್ಲಿನ ಕಂಬಗಳ ನಡುವಿನ ಅಂತರ 18 ಅಡಿ 6 ಇಂಚು. ತೋಟ ಅಳೆಯುವ ಕೋಲಿಗೆ ಇದೇ ಅಳತೆಯಾಗಿತ್ತು. ನಮ್ಮ ಅಡಿಕೆ ತೋಟದ ಲೆಕ್ಕ ಒಂದು ದೇವಸ್ಥಾನದ ಕಂಬದಿಂದ ಬಂದಿದ್ದು ಅಂದರೆ ಮಜಾ ಅಲ್ವಾ? ಮುಂದಿನ ಸಲ ಟೇಪು ತಗೊಂಡೇ ಹೋಗುತ್ತೇನೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ಹೊನ್ನಾವರದಿಂದ ಹೊಳೆಯಲ್ಲಿ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಇದೇ ಇಕ್ಕೇರಿಗೆ ಬಂದಿದ್ದ. ದಾರಿಯಲ್ಲಿ ಮಕ್ಕಳು ನೆಲದ ಮರಳಿನ ಮೇಲೆ ಬೆರಳಲ್ಲಿ ಅಂಕಿ ಬರೆದು ರಾಗವಾಗಿ ಹೇಳಿಕೊಂಡು ಲೆಕ್ಕ ಕಲಿಯುವುದನ್ನು ನೋಡಿ ಬರೆದಿಟ್ಟಿದ್ದಾನೆ. ಹೊನ್ನಾವರ ಕಡೆಯಿಂದ ಬರುವ ಬೈಕಿನವರು ಹೆಚ್ಚುಕಡಿಮೆ ಅವನ ಹಿಂದೆಯೇ ಬರುತ್ತಿದ್ದಾರೆ, ಅವರಿಗೇ ಗೊತ್ತಿಲ್ಲ.

ಹೀಗೆ ಸಾಲಾಗಿ ಹೋದರೆ ಇನ್ನೊಂದು ಲಾಭವಿದೆ. ಬಿಜಾಪುರದ ಸೈನ್ಯ ಇಕ್ಕೇರಿಯನ್ನು ಹಾಳುಗೆಡವಿದ ಮೇಲೆ ಕೆಳದಿಯ ಅರಸ ವೀರಭದ್ರ ನಾಯಕ ರಾಜಧಾನಿಯನ್ನು ಬಿದನೂರಿಗೆ ಸಾಗಿಸಿದ ಅಂತ ಪುಸ್ತಕದಲ್ಲಿ ಓದಿದರೆ ತಲೆಗೆ ಹೋಗಲ್ಲ. ಬೈಕಲ್ಲಿ ಹೋದರೆ ಗೊತ್ತಾಗುತ್ತೆ. ಇಕ್ಕೇರಿಯ ಸುತ್ತ ಬಯಲು ಜಾಸ್ತಿ. ಹೊಸನಗರ ದಾಟಿದ ಮೇಲೆ ಗುಡ್ಡ ಹತ್ತಿರ ಬರುತ್ತೆ, ಕಾಡು ದಟ್ಟವಾಗುತ್ತೆ, ಗಾಳಿ ತಣ್ಣಗಾಗುತ್ತೆ. ನಗರದ ಹಿಂದೆಯೇ ಹುಲಿಕಲ್ ಘಾಟಿ, ಅದರ ಕೆಳಗೆ ಕುಂದಾಪುರ, ಬಸರೂರಿನ ಹಳೆಯ ಬಂದರು. ಮೆಣಸು, ಅಕ್ಕಿ ಎಲ್ಲ ಇಳಿದಿದ್ದು ಅಲ್ಲಿಗೇ. 1763ರಲ್ಲಿ ಹೈದರಾಲಿ ಬಿದನೂರಿನ ಮೇಲೆ ಯಾಕೆ ಬಿದ್ದ ಅಂತ ಅಲ್ಲಿನ ಕೋಟೆಯ ಮೇಲೆ ನಿಂತರೆ ಯಾರೂ ಹೇಳಿಕೊಡಬೇಕಾಗಿಲ್ಲ. ಊರಿನ ಪಕ್ಕದ ದೇವಗಂಗೆ ಕೊಳಗಳನ್ನೂ ಬಿಡಬೇಡಿ.

ಇನ್ನು ದೂರು. ಹೋದ ಡಿಸೆಂಬರಿನಲ್ಲಿ ನಾನೂ ನನ್ನ ಭಾವಮೈದುನನೂ ನಗರದಿಂದ ಕವಲೇದುರ್ಗಕ್ಕೆ ಹೊರಟೆವು. ಮೊಬೈಲ್ ಮ್ಯಾಪು "ಹತ್ತಿರದ ದಾರಿ" ತೋರಿಸಿತು. ಡಾಂಬರು ಹೋಗಿ ಜಲ್ಲಿ ಬಂತು, ಜಲ್ಲಿ ಹೋಗಿ ಕೆಮ್ಮಣ್ಣು ಬಂತು, ಆಮೇಲೆ ಅಡಿಕೆ ಒಣಗಿಸಿದ ಅಂಗಳವೇ ಬಂದುಬಿಟ್ಟಿತು. ನೆಟ್‌ವರ್ಕೂ ಇಲ್ಲ. ಸೊಪ್ಪಿನ ಹೊರೆ ಇಳಿಸುತ್ತಿದ್ದ ಅಮ್ಮ ನಮ್ಮನ್ನು ನೋಡಿ, "ಕೋಟೆಗಾ? ಈ ದಾರೀಲಿ ಬಂದ್ರೆ ನಮ್ಮ ಕೊಟ್ಟಿಗೆಗೆ ಬರ್ತೀರಿ ಅಷ್ಟೆ ಮಾರಾಯ್ರೆ. ಈ ವಾರ ನೀವು ಮೂರನೆಯವರು" ಅಂದರು. ಮಜ್ಜಿಗೆ ಕೊಟ್ಟು ಕಳಿಸಿದರು ಅನ್ನಿ. ಕವಲೇದುರ್ಗಕ್ಕೆ ಮುಟ್ಟುವಷ್ಟರಲ್ಲಿ ಬಿಸಿಲು ಇಳಿದಿತ್ತು. ಮೇಲೆ ಹತ್ತಲೇ ಇಲ್ಲ, ಗದ್ದೆ ಬದಿಯಲ್ಲಿ ಬೈಕ್ ನಿಲ್ಲಿಸಿ ಕೋಟೆ ಗೋಡೆ ನೋಡಿ ವಾಪಸ್.

ಆದ್ದರಿಂದ ಕೇಳುವುದು ದೊಡ್ಡದೇನಲ್ಲ. ತೂಗುಸೇತುವೆ, ಗಾಜಿನ ಸೇತುವೆ ಏನೂ ಬೇಡ. ಕೆಳದಿಯಿಂದ ಕವಲೇದುರ್ಗದವರೆಗೆ ಪ್ರತಿ ಕವಲಿನಲ್ಲೂ ಕನ್ನಡದ ಒಂದು ಬೋರ್ಡು. ಮುಂದಿನ ಜಾಗಕ್ಕೆ ಎಷ್ಟು ದೂರ, ಮುಂದಿನ ಪೆಟ್ರೋಲ್ ಬಂಕ್ ಎಲ್ಲಿ, ಒಳಗೆ ಎಷ್ಟು ಗಂಟೆಯವರೆಗೆ ಬಿಡುತ್ತಾರೆ, ಇಷ್ಟಿದ್ದರೆ ಸಾಕು. ಮಳೆಗಾಲದಲ್ಲಿ ಕವಲೇದುರ್ಗದ ಕಲ್ಲುದಾರಿ ಪಾಚಿ ಕಟ್ಟಿ ಜಾರುತ್ತೆ ಅಂತಲೂ ಕೆಳಗೇ ಬರೆದು ಹಾಕಿ, ಬೂಟು ಹಾಕಿಕೊಂಡವರೂ ಬೀಳುತ್ತಾರೆ. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಬರುವುದು ಒಳ್ಳೆಯದು.

ಬೈಕಿನವರಿಗೂ ಒಂದು ಮಾತು. ಸೈಲೆನ್ಸರ್ ಬದಲಾಯಿಸಿಕೊಂಡು ಢಬಢಬ ಅಂತ ಊರೊಳಗೆ ಹೋಗಬೇಡಿ. ಆ ಅಮ್ಮನ ಕೊಟ್ಟಿಗೆಯಲ್ಲಿ ಕರು ಹಾಕಿದ ಎಮ್ಮೆ ಇತ್ತು, ನಮ್ಮ ಬೈಕಿನ ಸದ್ದಿಗೇ ಹಗ್ಗ ಹರಿಯುವಂತೆ ಎಳೆಯುತ್ತಿತ್ತು.

ಇಂತಿ,
ಒಬ್ಬ ಓದುಗ, ಸಾಗರ